ಮಿಲಿಟರಿ ಗಾಡಿಗೆ ಹೊಸ ದೀಪ

ಮಟಕಿಯ ದತ್ತಪ್ಪನಿಗೆ ಊರಲ್ಲಿ ಎರಡು ಹೆಸರಿದ್ದವು. ಎದುರಿಗೆ ಮಿಲಿಟರಿ ದತ್ತಪ್ಪ, ಬೆನ್ನ ಹಿಂದೆ ಗೌಡರ ನೆರಳು. ಮೊದಲನೆಯದನ್ನು ಕೇಳಿದರೆ ಮೀಸೆ ತೀಡಿಕೊಳ್ಳುತ್ತಿದ್ದ. ಎರಡನೆಯದು ಕಿವಿಗೆ ಬಿದ್ದರೂ ಸಿಟ್ಟಾಗುತ್ತಿರಲಿಲ್ಲ. ಊರ ಜನ ಹೊಟ್ಟೆಕಿಚ್ಚಿಗೆ ಆಡುವ ಮಾತು, ಆಡಿಕೊಳ್ಳಲಿ ಎಂದು ಸುಮ್ಮನಿರುತ್ತಿದ್ದ. ಆ ಹೆಸರಿನಲ್ಲಿ ಎಷ್ಟು ನಿಜವಿತ್ತೆಂದು ಅವನಿಗೆ ಗೊತ್ತಾದದ್ದು ಬಹಳ ತಡವಾಗಿ.

ಗೌಡರೆಂದರೆ ಜಗದೇವಪ್ಪ. ಇಬ್ಬರೂ ಒಂದೇ ಸಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಮಗ್ಗಿ ಉರುಹೊಡೆದವರು. ಒಬ್ಬನ ಮನೆತುಂಬ ಕರಿಮಣ್ಣಿನ ಹೊಲ, ತೊಗರಿ, ದನ, ಆಳುಕಾಳು. ಇನ್ನೊಬ್ಬ ಗಾಣಗಾಪುರದ ದತ್ತನಿಗೆ ಹರಕೆ ಹೊತ್ತು ಹುಟ್ಟಿದ ಒಂಟಿ ಮಗ. ಎರಡು ಕೈ ಬಿಟ್ಟರೆ ಬೇರೆ ಆಸ್ತಿಯಿಲ್ಲ. ಆ ಕೈಗಳನ್ನು ತೆಗೆದುಕೊಂಡು ದತ್ತಪ್ಪ ಮಿಲಿಟರಿ ಸೇರಿದ, ಗಾಡಿ ಹೊಡೆಯಲು ಕಲಿತ, ಎಪ್ಪತ್ತೊಂದರ ಯುದ್ಧದಲ್ಲಿ ಜವಾನರಿಗೆ ರೇಷನ್ನು ಹೊತ್ತ ಟ್ರಕ್ಕು ಓಡಿಸಿದ, ಮುಗಿದ ಮೇಲೆ ಊರಿಗೆ ಬಂದ. ಬಂದ ದಿನ ಜಗದೇವಪ್ಪ ಆಳಂದದ ಬಸ್‌ಸ್ಟ್ಯಾಂಡಿಗೆ ಬಂದು ಅವನ ಟ್ರಂಕನ್ನು ತಾನೇ ಹೊತ್ತಿದ್ದ. ದತ್ತಪ್ಪ ಇದನ್ನು ಕಂಡಕಂಡವರಿಗೆಲ್ಲ ಹೇಳುತ್ತಿದ್ದ.

ಮುಂದಿನ ವರ್ಷ ಪುಣೆಯ ಹತ್ತಿರ ಮಿಲಿಟರಿಯವರು ಹಳೇ ಗಾಡಿಗಳನ್ನು ಹರಾಜು ಹಾಕುತ್ತಾರೆಂದು ಸುದ್ದಿ ತಂದವನು ದತ್ತಪ್ಪನೇ. ಇಬ್ಬರೂ ಹೋದರು. ಸಾಲಾಗಿ ನಿಂತಿದ್ದ ತುಕ್ಕು ಹಿಡಿದ ಗಾಡಿಗಳನ್ನು ಕಂಡು ಜಗದೇವಪ್ಪನ ಎದೆ ಹಾರಿತು. ಇದು ಮೋಡಕಾ ಸಾಮಾನು, ಗುಜರಿಗಷ್ಟೇ ಲಾಯಕ್ಕು, ನಡಿ ಹೋಗೋಣ ಅಂದ. ದತ್ತಪ್ಪ ಮಾತ್ರ ಒಂದೊಂದರ ಬಾನೆಟ್ಟು ಎತ್ತಿ ನೋಡುತ್ತಾ ಹೋದ. ಎರಡನೇ ಮಹಾಯುದ್ಧದ ಕಾಲದ ಒಂದು ಟ್ರಕ್ಕಿನ ಮುಂದೆ ಬಹಳ ಹೊತ್ತು ನಿಂತು, ಇದೇ ಬೇಕು ಅಂದ. ರೊಕ್ಕ ಗೌಡ ಕೊಟ್ಟ. ಸೊಲ್ಲಾಪುರ, ಅಕ್ಕಲಕೋಟೆ ಹಾದು ಅದನ್ನು ಆಳಂದದವರೆಗೆ ಓಡಿಸಿ ತಂದವನು ದತ್ತಪ್ಪ. ದಾರಿಯುದ್ದಕ್ಕೂ ಅದು ನಿಂತಲ್ಲೆಲ್ಲ ಇಳಿದು, ಸಂತೈಸಿ, ಹ್ಯಾಂಡಲ್ ತಿರುವಿ ಮತ್ತೆ ಎಬ್ಬಿಸಿದ.

ಊರಿಗೆ ಹೋಗುವ ಮುಂಚೆ ಜಿಡಗಾದ ಮಠದ ಅಂಗಳದಲ್ಲಿ ನಿಲ್ಲಿಸಿ ಕಾಯಿ ಒಡೆದರು. ಅಲ್ಲಿ ಜಗದೇವಪ್ಪ ಅಂಗಿಯ ಮೇಲಿಂದಲೇ ಎದೆಯ ಲಿಂಗವನ್ನು ಹಿಡಿದುಕೊಂಡು ಒಂದು ಮಾತು ಹೇಳಿದ.

“ದತ್ತೂ, ರೊಕ್ಕ ನಂದಿರಬಹುದು, ಗಾಡಿ ಇಬ್ಬರದು. ನಿನ್ನ ಕೇಳದ ಇದರ ಒಂದು ನಟ್ಟು ಸುದ್ದಾ ಬ್ಯಾರೇದವರ ಕೈಗಿ ಹೋಗಂಗಿಲ್ಲ.”

ದತ್ತಪ್ಪ ಆ ಮಾತನ್ನು ಕಾಗದಕ್ಕಿಂತ ಹೆಚ್ಚು ನಂಬಿದ. ಲಿಂಗ ಮುಟ್ಟಿ ಆಡಿದ ಮಾತಿಗೆ ಸಾಕ್ಷಿ ಕೇಳುವವನು ಮೂರ್ಖ ಎನ್ನುವ ಊರಿನವನು ಅವನು. ಅಂದಿನಿಂದ ಒಂದು ದಿನವೂ ಪಗಾರ ತೆಗೆದುಕೊಳ್ಳಲಿಲ್ಲ. ಪಗಾರ ತೆಗೆದುಕೊಂಡರೆ ಡ್ರೈವರ್ ಆದಂತೆ. ಇವನೋ ಗಾಡಿಯ ಅರ್ಧ ಮಾಲಕ. ಜೋಳ ಬೇಕಾದಾಗ ಗೌಡರ ಮನೆಯಿಂದ ಜೋಳ ಬರುತ್ತಿತ್ತು, ಹಬ್ಬಕ್ಕೆ ಹೆಂಡತಿ ಸಾಬವ್ವನಿಗೆ ಇಳಕಲ್ಲ ಸೀರೆ ಬರುತ್ತಿತ್ತು. ಸಾಬವ್ವ ಒಮ್ಮೆ, “ಇದು ಪಾಲೋ, ಕೂಲಿಯೋ?” ಎಂದು ಕೇಳಿ ಬೈಸಿಕೊಂಡಳು.

ಸೀಮೆಯಲ್ಲೆಲ್ಲ ಅದಕ್ಕೆ ಮಿಲಿಟರಿ ಗಾಡಿ ಎಂದೇ ಹೆಸರಾಯಿತು. ಸುಗ್ಗಿಯಲ್ಲಿ ತೊಗರಿ ಹೊತ್ತು ಆಳಂದದ ಅಡತಿ ಅಂಗಡಿಗೆ, ಎಳ್ಳ ಅಮಾಸಿಗೆ ಭಜ್ಜಿ-ಕಡುಬಿನ ಬುಟ್ಟಿ ಹೊತ್ತ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಹೊಲಕ್ಕೆ, ಮದುವೆಯ ದಿಬ್ಬಣಕ್ಕೆ ಅಫಜಲಪುರದವರೆಗೆ. ಗೇರು ಬದಲಿಸುವಾಗ ಅದಕ್ಕೊಂದು ಲಯ ಬೇಕು. ಕ್ಲಚ್ಚನ್ನು ಎರಡು ಸಲ ತುಳಿದು, ಇಂಜಿನ್ನಿನ ದನಿ ಇಳಿಯುವುದನ್ನು ಕಾದು ಹಾಕಬೇಕು. ತಪ್ಪಿದರೆ ಊರಿಗೆಲ್ಲ ಕೇಳುವಂತೆ ಹಲ್ಲು ಕಡಿಯುತ್ತಿತ್ತು. ದತ್ತಪ್ಪನ ಕೈಯಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಅದಕ್ಕಿದ್ದ ಊನ ಒಂದೇ, ದೀಪ. ಆಕಾಶದಲ್ಲಿ ಹಾರುವ ವೈರಿಯ ವಿಮಾನಕ್ಕೆ ಕಾಣಬಾರದೆಂದು ಮಾಡಿದ ದೀಪಗಳು ಅವು. ಮೇಲೊಂದು ತಗಡಿನ ಮುಸುಕು; ಬೆಳಕು ಮುಂದಿನ ಗಾಲಿಯ ಬುಡಕ್ಕೆ ಬಿದ್ದು ಅಲ್ಲೇ ಸಾಯುತ್ತಿತ್ತು. ವೈರಿಗೂ ಕಾಣುತ್ತಿರಲಿಲ್ಲ, ಓಡಿಸುವವನಿಗೂ ಕಾಣುತ್ತಿರಲಿಲ್ಲ. ಹಾಗಾಗಿ ಹೊತ್ತು ಮುಳುಗುವುದರೊಳಗೆ ಊರು ಸೇರಬೇಕು. ಅಫಜಲಪುರದ ಬೀಗರ ಮನೆಗಳಲ್ಲಿ, “ಜಲ್ದಿ ಉಣ್ರಿ, ಮಿಲಿಟರಿ ಗಾಡಿ ಹೊಂಟದ” ಎಂದು ಪಂಕ್ತಿಯಲ್ಲೇ ಕೂಗು ಬೀಳುತ್ತಿತ್ತು. ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ ಗಾಡಿ ಹತ್ತಿದವರು ಎಷ್ಟೋ ಮಂದಿ. ಒಮ್ಮೆ ವರನ ಸೋದರಮಾವನನ್ನೇ ಅಲ್ಲಿ ಬಿಟ್ಟು ಬಂದಿದ್ದರು.

ಬರಬರುತ್ತಾ ಒಂದು ದೀಪದ ಒಳಗಿನ ಹೊಳಪು ಉದುರಿತು, ಇನ್ನೊಂದರ ಗಾಜಿಗೆ ಕಲ್ಲು ಬಡಿದು ಬಿರುಕು ಬಿಟ್ಟಿತು. ವರ್ಷಕ್ಕೊಮ್ಮೆಯಾದರೂ ದತ್ತಪ್ಪ, ಬದಲಿಸೋಣ ಅನ್ನುತ್ತಿದ್ದ. ಜಗದೇವಪ್ಪನ ಉತ್ತರ ಸಿದ್ಧವಿರುತ್ತಿತ್ತು: “ಹಗಲಿ ದುಡಿಯೋ ಎತ್ತಿಗಿ ಕಂದೀಲ ಯಾಕೋ?”

ಅಂಥ ಜಗದೇವಪ್ಪ, ಎಂಬತ್ತೊಂಬತ್ತರ ದೀಪಾವಳಿ ಕಳೆದ ಮೇಲೆ ಒಂದು ಮುಂಜಾನೆ ತಾನೇ ದತ್ತಪ್ಪನ ಮನೆ ಬಾಗಿಲಿಗೆ ಬಂದ. ಸಾಬವ್ವ ಕೂಡ್ರಿ ಅಂದರೆ ಕೂಡಲಿಲ್ಲ.

“ದತ್ತೂ, ಗಾಡಿಗಿ ಛಲೋ ಲೈಟ್ ಕೂಡಸು. ಸೊಲ್ಲಾಪುರಕ್ಕ ಹೋಗ್ತಿಯೋ, ಎಲ್ಲಿಗಿ ಹೋಗ್ತಿಯೋ, ಹೋಗು. ದೂರ ಬೆಳಕು ಬೀಳಬೇಕು ನೋಡು. ಮತ್ತ, ಹಳೇವು ಬಿಸಾಡಬ್ಯಾಡ. ಮನೀಗಿ ತಂದು ಅವ್ವನ ಕೈಯಾಗ ಕೊಡು.”

ದತ್ತಪ್ಪನಿಗೆ ಕಣ್ಣು ತುಂಬಿ ಬಂತು. ಗೆಳೆಯನ ಕೈ ಬಿಚ್ಚಿತೆಂದಲ್ಲ, ಹಳೇ ದೀಪವನ್ನು ಮನೆಯಲ್ಲಿಟ್ಟುಕೊಳ್ಳುತ್ತೇನೆ ಅಂದನಲ್ಲ ಎಂದು. ಗಾಡಿಯ ಮೇಲೆ ಇವನಿಗೂ ನನ್ನಷ್ಟೇ ಜೀವ ಅಂದುಕೊಂಡ. ಜಗದೇವಪ್ಪ ಹೋದ ಮೇಲೆ ಸಾಬವ್ವ ಒಲೆಯ ಮುಂದಿನಿಂದಲೇ, “ಇಷ್ಟು ವರ್ಷ ಇಲ್ಲದ್ದು ಈಗ ಯಾಕಂತ?” ಅಂದಳು.

“ನಿನಗ ಎಲ್ಲಾದರಾಗೂ ಕಲ್ಲ ಕಾಣತಾವ,” ಎಂದು ದತ್ತಪ್ಪ ಚಪ್ಪಲಿ ಮೆಟ್ಟಿಕೊಂಡ.

ಸೊಲ್ಲಾಪುರದ ಹಳೇ ಸಾಮಾನಿನ ಬಜಾರಿನಲ್ಲಿ ಅಗಲ ಮುಖದ ಒಂದು ಜೊತೆ ದೀಪ ಸಿಕ್ಕಿದವು, ಯಾವುದೋ ಲಾರಿಯವು. ಆದರೆ ಮಿಲಿಟರಿ ಗಾಡಿಯ ಬ್ಯಾಟರಿ ಆರು ವೋಲ್ಟಿನದು, ಈಗಿನ ಬಲ್ಬುಗಳೆಲ್ಲ ಹನ್ನೆರಡರವು. ಹಾಕಿದರೆ ಕಾಮಾಲೆ ಬಂದವರಂತೆ ಹಳದಿಯಾಗಿ ಉರಿಯುತ್ತವೆ. ಆರು ವೋಲ್ಟಿನ ಬಲ್ಬಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆದ. ಕೊನೆಗೆ ಒಬ್ಬ ಮರಾಠಿ ಮುದುಕ ಹಳೇ ಜೀಪಿನ ಬಲ್ಬುಗಳನ್ನು ಹತ್ತಿಯಲ್ಲಿ ಸುತ್ತಿಟ್ಟಿದ್ದನ್ನು ಒಳಗಿನಿಂದ ತಂದುಕೊಟ್ಟ. ಬಸ್ಸಿನಲ್ಲಿ ಅವುಗಳನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದ.

ಹೊಸ ದೀಪ ಹಳೇ ದೀಪದ ಕಬ್ಬಿಣದ ಕಾಲಿಗೆ ಕೂಡಲಿಲ್ಲ. ಆಳಂದದಲ್ಲಿ ತಗಡಿನ ಕೆಲಸ ಮಾಡುವ ಖುರ್ಷಿದನ ಹತ್ತಿರ ಹೋಗಿ ನಡುವೆ ಕೂಡಿಸಲು ತಗಡಿನ ಎರಡು ಬಳೆ ಮಾಡಿಸಿದ. ಖುರ್ಷಿದ ಬಡಿಯುತ್ತಾ ಬಡಿಯುತ್ತಾ ನಕ್ಕ.

“ಏನ್ ದತ್ತಪ್ಪಣ್ಣ, ಇಷ್ಟು ಸಿಂಗಾರ? ಮುದುಕಿನ್ನ ನೋಡಾಕ ಬೀಗರು ಬರಾಕತ್ತಾರೇನು?”

“ಬಂದ್ರ ನಿನಗೂ ಹೇಳಿ ಕಳಸ್ತೇನಿ, ಸುಮ್ಮ ಬಡಿ,” ಅಂದ ದತ್ತಪ್ಪ. ಅವನೂ ನಕ್ಕ.

ಕೆಲಸವನ್ನು ಮನಸ್ಸಿಟ್ಟು ಮಾಡಿದ. ಹಳೇ ದೀಪಗಳ ಬೋಲ್ಟು ತುಕ್ಕು ಹಿಡಿದು ಹಟ ಮಾಡಿದವು; ಸೀಮೆಎಣ್ಣೆ ಕುಡಿಸಿ ಬೆಳಗಿನತನಕ ಬಿಟ್ಟ. ದೀಪ ಕೂಡುವಲ್ಲಿ ಬಣ್ಣ ಕೆರೆದು, ಹಸಿ ಕಬ್ಬಿಣ ಕಾಣುವವರೆಗೆ ಉಜ್ಜಿದ. ಕರೆಂಟು ಗಾಡಿಯ ಮೈಯಿಂದಲೇ ಮರಳಿ ಹೋಗಬೇಕಲ್ಲ, ನಡುವೆ ಕಿಲುಬಿದ್ದರೆ ದೀಪ ಮಿಣಿಮಿಣಿ ಅನ್ನುತ್ತದೆ. ಇಲಿ ಕಡಿದ ವೈರನ್ನೆಲ್ಲ ಕಿತ್ತು ಹೊಸದು ಎಳೆದ. ಹಳೇ ದೀಪಗಳನ್ನು ಬೂದಿ ಹಚ್ಚಿ ತಿಕ್ಕಿ, ಒಣಬಟ್ಟೆಯಲ್ಲಿ ಕಟ್ಟಿ, ಹೇಳಿದಂತೆ ಗೌಡರ ತಾಯಿ ಗೌರಾಬಾಯಿಯ ಕೈಗೆ ಕೊಟ್ಟು ಬಂದ. ಆಕೆ ಈಸಿಕೊಂಡಳು. ಯಾವಾಗಲೂ, “ಉಂಡು ಹೋಗೋ ನನ್ನಪ್ಪಾ” ಅನ್ನುವ ಮುದುಕಿ ಅಂದು ಅನ್ನಲಿಲ್ಲ. ಮೈಯಲ್ಲಿ ಹುಷಾರಿಲ್ಲವೇನೋ ಎಂದುಕೊಂಡ.

ದೀಪ ಕೂಡಿಸಿದರೆ ಸಾಲದು, ಬೆಳಕಿನ ದಿಕ್ಕು ಸರಿ ಮಾಡಬೇಕು. ಅದಕ್ಕೆ ಎದುರಿಗೊಂದು ಗೋಡೆ ಬೇಕು. ಮರುದಿನ ಮುಚ್ಚಂಜಿಗೆ ಗಾಡಿಯನ್ನು ಗೌಡರ ವಾಡೆಯ ಅಂಗಳಕ್ಕೆ ತಂದು ದನದ ಕೊಟ್ಟಿಗೆಗೆ ಮುಖ ಮಾಡಿ ನಿಲ್ಲಿಸಿದ. ಜಗದೇವಪ್ಪ ಆಳಂದಕ್ಕೆ ಹೋದವನು ಇನ್ನೂ ಬಂದಿರಲಿಲ್ಲ. ಬಂದ ಮೇಲೆಯೇ ಹಚ್ಚಬೇಕೆಂದು ಸ್ವಲ್ಪ ಹೊತ್ತು ಕಾದ. ಆಮೇಲೆ ತಡೆಯಲಾರದೆ ಗುಂಡಿ ಎಳೆದ.

ಬೆಳಕು ಕೊಟ್ಟಿಗೆಯ ಬಾಗಿಲು ತುಂಬಿ ಒಳಗಿನ ಹಿಂಗೋಡೆಯವರೆಗೆ ಹೋಯಿತು. ಎತ್ತುಗಳು ತಲೆ ಎತ್ತಿ ನೋಡಿದವು. ದತ್ತಪ್ಪ ಸಣ್ಣ ಹುಡುಗನಂತೆ ನಗುತ್ತಾ ಕೆಳಗಿಳಿದು, ಎಷ್ಟು ಎತ್ತರಕ್ಕೆ ಬಿದ್ದಿದೆ ನೋಡೋಣವೆಂದು ಒಳಗೆ ಹೋದ. ಹಿಂಗೋಡೆಯಲ್ಲಿ ಸಾಲಾಗಿ ಗೂಟಗಳಿದ್ದವು. ಗೂಟಕ್ಕೊಂದು ಹಳೇ ಹಗ್ಗ. ಸಾಲಿನ ಕೊನೆಯ ಗೂಟಕ್ಕೆ, ಬೂದಿ ಹಚ್ಚಿ ತಾನೇ ತಿಕ್ಕಿದ ಆ ಎರಡು ದೀಪಗಳು ಜೋಡಿಯಾಗಿ ತೂಗುತ್ತಿದ್ದವು. ಅವಕ್ಕೆ ವಿಭೂತಿ ಹಚ್ಚಿತ್ತು.

ಆ ಗೂಟಗಳ ಅರ್ಥ ದತ್ತಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎತ್ತು ಮಾರಬಹುದು, ಎತ್ತಿನ ಹಗ್ಗ ಮಾರಬಾರದು. ಕೊಳ್ಳುವವನು ತನ್ನ ಹಗ್ಗ ತಾನು ತಂದು ಹೊಡೆದುಕೊಂಡು ಹೋಗಬೇಕು. ಹಳೇ ಹಗ್ಗ ಮಾಲಕನ ಮನೆಯ ಗೂಟಕ್ಕೆ. ಹಗ್ಗ ಹೊಸ್ತಿಲು ದಾಟಿದರೆ ಅದರ ಬೆನ್ನು ಹತ್ತಿ ಮನೆಯ ಲಕ್ಷ್ಮಿಯೂ ದಾಟುತ್ತಾಳೆ. ಆ ಗೋಡೆಯ ಮೇಲಿದ್ದದ್ದೆಲ್ಲ ಮಾರಿದ ಎತ್ತುಗಳ ಹಗ್ಗ. ಮನೆಯಲ್ಲಿರುವ ಎತ್ತಿನ ಹಗ್ಗವನ್ನು ಯಾರೂ ಅಲ್ಲಿ ತೂಗುಹಾಕುವುದಿಲ್ಲ.

ಗೌರಾಬಾಯಿ ಹಾಲಿನ ಚರಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಅವ್ವಾ, ಗಾಡಿ ಮಾರ್ಯಾನೇನು?” ಎಂದು ದತ್ತಪ್ಪ ಕೇಳಿದ.

“ನನ್ನ ಕೇಳಬ್ಯಾಡೋ ಯಪ್ಪಾ. ದತ್ತೂಗ ಹೇಳೋ, ಹೇಳೋ ಅಂತ ನಾ ಬಡಕೊಂಡೆ,” ಎಂದಳು ಮುದುಕಿ. ಅವಳ ಕಣ್ಣಲ್ಲಿ ನೀರಿತ್ತು. ದತ್ತಪ್ಪನಿಗೆ ಆ ನೀರು ಕಂಡು ಇನ್ನಷ್ಟು ಉರಿಯಿತು. ಈಕೆಗೂ ಗೊತ್ತಿತ್ತು. ನಿನ್ನೆ ದೀಪ ಈಸಿಕೊಂಡಾಗಲೂ ಗೊತ್ತಿತ್ತು.

ಜಗದೇವಪ್ಪ ಬಂದಾಗ ದೀಪ ಇನ್ನೂ ಉರಿಯುತ್ತಲೇ ಇತ್ತು. ದತ್ತಪ್ಪನಿಗೆ ಗೊತ್ತಾಗಿದೆಯೆಂದು ಅಂಗಳದಲ್ಲಿ ಕಾಲಿಡುತ್ತಲೇ ಅವನಿಗೆ ತಿಳಿಯಿತು. ಆದರೂ, “ಏನು ಬೆಳಕು ಬಿದ್ದಾದಲೇ ದತ್ತ್ಯಾ” ಅಂದ.

“ಯಾರಿಗಿ ಮಾರೀರಿ ಗೌಡ್ರ?”

ಚಾಪೆಯ ಮೇಲೆ ಮಗ್ಗಿ ಕಲಿತಂದಿನಿಂದ ಜಗ್ಯಾ, ನೀನು ಎಂದೇ ಕರೆದವನ ಬಾಯಲ್ಲಿ ಗೌಡ್ರ, ಮಾರೀರಿ ಎಂದು ಬಂದದ್ದು ಜಗದೇವಪ್ಪನಿಗೆ ನಾಟಿತು. ಕಟ್ಟೆಯ ಮೇಲೆ ಕೂತ.

“ಜೇವರಗಿ ಕಡೆ ಕೊಳಕೂರದ ಹಣಮಂತ್ರಾಯಗ. ಹತ್ತಿ ಹೇರಾಕ ಬೇಕಂತ. ಅದು ಪೆಟ್ರೋಲ ಕುಡೀತಾದ ದತ್ತೂ, ದುಡಿದಿದ್ದೆಲ್ಲ ಅದರ ಹೊಟ್ಟಿಗೇ ಹೋಗಾಕತ್ತಾದ. ಹೊಸಾ ಟೆಂಪೋ ಬುಕ್ ಮಾಡೇನಿ. ನೀನ ಹೊಡಿ. ಬ್ಯಾರೆ ಡ್ರೈವರ್‌ನ ನಾ ಯಾಕ ಇಡಲಿ?”

ಬ್ಯಾರೆ ಡ್ರೈವರ್. ಅಂದರೆ ದತ್ತಪ್ಪನೂ ಒಬ್ಬ ಡ್ರೈವರ್.

“ಮತ್ತ ದೀಪ ಯಾಕ ಹಾಕಿಸಿದ್ರಿ ನನ್ನ ಕೈಲೆ?”

“ಕತ್ತಲಾದ ಮ್ಯಾಲ ಹತ್ತಿ ಜಿನ್ನಿನ ಮಿಲ್ಲಿಗೆ ಹೋಗಬೇಕು, ಲೈಟ್ ಇಲ್ಲದ ಗಾಡಿ ಬ್ಯಾಡ ಅಂದ ಅಂವ. ನಿನ್ನಂಗ ಯಾರು ಹಾಕ್ತಿದ್ರು?”

“ನನ್ನ ಒಂದು ಮಾತು ಕೇಳಬೇಕಿತ್ತಲ್ರಿ.”

“ಕೇಳಿದ್ರ ನೀ ಬ್ಯಾಡ ಅಂತಿದ್ದಿ,” ಅಂದ ಜಗದೇವಪ್ಪ. “ಅದಕ್ಕ ಕೇಳ್ಲಿಲ್ಲ.”

ಇದರಲ್ಲಿ ಸುಳ್ಳಿರಲಿಲ್ಲ, ಅದೇ ಕೆಟ್ಟದ್ದು. ಸುಳ್ಳು ಹೇಳಿದ್ದರೆ ದತ್ತಪ್ಪ ಜಗಳವಾಡುತ್ತಿದ್ದ. ಖರೇ ಹೇಳಿದವನ ಜೊತೆ ಏನು ಜಗಳ? ಅವನು ಗಾಡಿ ಹತ್ತಿ ದೀಪ ಆರಿಸಿ ಇಳಿದ. ಹೊರಡುವ ಮುಂಚೆ ಕೊಟ್ಟಿಗೆಯ ಕಡೆ ಕೈ ತೋರಿಸಿದ.

“ಗಾಡಿ ಹಳೇದಾಗ್ಯಾದ, ಖರೇ. ಮಾರೋಣ ಅಂದಿದ್ರ ಎರಡು ದಿನ ಅತ್ತು ಹೂಂ ಅಂತಿದ್ದೆ. ಹಗ್ಗ ಮಾಲಕನ ಮನ್ಯಾಗ ಇರತಾದ. ಎರಡು ದೀಪ ಇದ್ವಲ್ರಿ ಗೌಡ್ರ. ಒಂದರ ನನ್ನ ಮನೀ ಗೂಟಕ್ಕ ಬರಬೇಕಿತ್ತಲ್ಲ.”

ಜಗದೇವಪ್ಪನ ತಲೆಗೆ ಅದು ಹೊಳೆದೇ ಇರಲಿಲ್ಲ. ಹೊಳೆಯಲಿಲ್ಲವೆನ್ನುವುದು ಮುಖದಲ್ಲೇ ಕಾಣುತ್ತಿತ್ತು. ಇಷ್ಟು ವರ್ಷ ಇಬ್ಬರದು, ಇಬ್ಬರದು ಎಂದವನ ಎಣಿಕೆಯಲ್ಲಿ ದತ್ತಪ್ಪ ಇದ್ದದ್ದೇ ಇಲ್ಲ. ಗಾಡಿ ಹೋದದ್ದಕ್ಕಿಂತ ಇದು ದತ್ತಪ್ಪನನ್ನು ಮುರಿಯಿತು. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಸಾಬವ್ವ ರೊಟ್ಟಿ ಮುಚ್ಚಿಟ್ಟು ಪಕ್ಕದಲ್ಲಿ ಕೂತಳು.

ಮುಂಜಾನೆ ಗೌರಾಬಾಯಿ ಸೆರಗಿನಲ್ಲಿ ಒಂದು ದೀಪ ಮುಚ್ಚಿಕೊಂಡು ಬಂದಳು. ಮಗ ಕಳಿಸಿದ್ದು. ಅದರ ಜೊತೆ ಒಂದು ವಿನಂತಿಯೂ ಇತ್ತು: ಹಣಮಂತ್ರಾಯನ ಕಡೆಯ ಡ್ರೈವರ್ ಬಂದು ನೋಡಿದ, ಗೇರು ಬೀಳಲೊಲ್ಲದು, ಕೊಳಕೂರದತನಕ ದತ್ತಪ್ಪನೇ ಮುಟ್ಟಿಸಿ ಕೊಡಬೇಕು.

“ಹೋಗಬ್ಯಾಡ್ರಿ. ನಿಮ್ಮ ಕೈಲೇ ದೀಪ ಹಾಕಿಸ್ಯಾರ, ನಿಮ್ಮ ಕೈಲೇ ಹೊಡಿಸಿ ಕಳಸ್ತಾರ. ಮಾನ ಮರ್ಯಾದಿ ಅದನೋ ಇಲ್ಲೋ?” ಅಂದಳು ಸಾಬವ್ವ.

ದತ್ತಪ್ಪ ದೀಪವನ್ನು ತಿರುಗಿಸಿ ತಿರುಗಿಸಿ ನೋಡಿದ. ಬಿರುಕು ಬಿಟ್ಟ ಗಾಜಿನದು ಅದು. ಗಾಜು ಒಡೆಯದ್ದನ್ನು ಅವರೇ ಇಟ್ಟುಕೊಂಡಿದ್ದರು. ಟವೆಲ್ಲಿನಲ್ಲಿ ಕಟ್ಟಿ ಕಂಕುಳಲ್ಲಿ ಇಟ್ಟುಕೊಂಡು ಎದ್ದ. “ಹೋಗಿ ಬರ್ತೇನಿ,” ಅಂದ.

ಜಗದೇವಪ್ಪ ಪಕ್ಕದಲ್ಲಿ ಹತ್ತಿ ಕೂತ. ಕಲಬುರ್ಗಿ ಹಾದು, ಭೀಮೆಯ ಸೇತುವೆ ದಾಟಿ, ಜೇವರಗಿ ಮುಟ್ಟುವವರೆಗೆ ಗಾಡಿ ಹಲ್ಲು ಕಡಿಯದೆ ಓಡಿತು. ಸೇತುವೆಯ ಮೇಲೊಮ್ಮೆ ಜಗದೇವಪ್ಪ ಎಲೆ-ಅಡಿಕೆಯ ಚೀಲ ಬಿಚ್ಚಿ ಮುಂದೆ ಹಿಡಿದ. ದತ್ತಪ್ಪ ರಸ್ತೆ ನೋಡುತ್ತಾ ಗಾಡಿ ಹೊಡೆದ.

ಕೊಳಕೂರದ ಹಣಮಂತ್ರಾಯ ಒಳ್ಳೆಯ ಒಕ್ಕಲಿಗ. ಬಾಗಿಲಲ್ಲಿ ಕಾದಿದ್ದು, ಗಾಲಿಗೆ ನೀರು ಹಾಕಿಸಿದ, ಕಾಯಿ ಒಡೆಸಿದ. ಹೊಸ ದೀಪಗಳನ್ನು ಸವರಿ ನೋಡಿ, “ಬರೋಬ್ಬರಿ ಕೂಡಿಸೀರಿ ನೋಡ್ರಿ” ಅಂದ. ಅವನಿಗೆ ಏನೂ ಗೊತ್ತಿರಲಿಲ್ಲ. ದತ್ತಪ್ಪ ಅವನ ಡ್ರೈವರನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಗೇರು ಬೀಳುವವರೆಗೆ ಊರ ಹೊರಗೆ ಸುತ್ತಾಡಿಸಿ ಕಲಿಸಿದ. ಚಾವಿ ಕೊಟ್ಟ. ಆಮೇಲೆ ಟವೆಲ್ಲು ಬಿಚ್ಚಿ ಹಳೇ ದೀಪವನ್ನು ಹಣಮಂತ್ರಾಯನ ಮುಂದೆ ಹಿಡಿದ.

“ಇದು ಈ ಗಾಡಿ ಹಗ್ಗರಿ. ನನ್ನ ಪಾಲಿಂದು. ಎತ್ತಿನ ಕೂಡ ಇದನ್ನೂ ನೀವೇ ಇಟ್ಗೋರಿ.”

ಹಣಮಂತ್ರಾಯ ಒಂದು ಹೆಜ್ಜೆ ಹಿಂದೆ ಸರಿದ. “ಏನಪಾ ಇದು, ಯಾರರ ಹಗ್ಗ ಕೊಡ್ತಾರೇನು?” ಎಂದು ಜಗದೇವಪ್ಪನ ಮುಖ ನೋಡಿದ. ಜಗದೇವಪ್ಪನ ಮುಖ ಬಿಳುಚಿತ್ತು.

“ದತ್ತೂ, ಬ್ಯಾಡೋ. ಮನೀ ಲಕ್ಷ್ಮೀ ಅದು. ನನ್ನ ಒಂದು ಮಾತು ಕೇಳಬೇಕಿತ್ತಲ್ಲೋ.”

“ಕೇಳಿದ್ರ ನೀವು ಬ್ಯಾಡ ಅಂತಿದ್ರಿ ಗೌಡ್ರ,” ಎಂದು ದತ್ತಪ್ಪ ದೀಪವನ್ನು ಗಾಡಿಯ ಸೀಟಿನ ಮೇಲೆ ಇಟ್ಟು ಬಾಗಿಲು ಹಾಕಿದ.

ಹೀಗೆ ಮಾಡಿದರೆ ಎದೆಯ ಉರಿ ಆರುತ್ತದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಆರಲಿಲ್ಲ. ಕೊಳಕೂರದ ಬಸ್‌ಸ್ಟ್ಯಾಂಡಿನವರೆಗೆ ನಡೆಯುವಾಗಲೂ, ಕೆಂಪು ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಾಗಲೂ ಅದು ಹಾಗೇ ಇತ್ತು. ಜಗದೇವಪ್ಪ ಹಿಂದಿನಿಂದ ಬಂದು ಅದೇ ಬಸ್ಸು ಹತ್ತಿದ. ಕಲಬುರ್ಗಿಗೆ ಆ ಹೊತ್ತಿಗೆ ಬೇರೆ ಬಸ್ಸಿರಲಿಲ್ಲ. ಅವನು ಹತ್ತಿರ ಬಂದದ್ದನ್ನು ಕಂಡು ದತ್ತಪ್ಪ ಕಿಟಕಿಗೆ ಒತ್ತಿ ಪಕ್ಕದಲ್ಲಿ ಜಾಗ ಮಾಡಿದ.

ಮಾಡಿದ ಮೇಲೆ ತಾನು ಮಾಡಿದ್ದು ತಿಳಿಯಿತು. ಮನಸ್ಸು ಹೇಳಿರಲಿಲ್ಲ, ಮೈ ತಾನೇ ಸರಿದಿತ್ತು. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು. ಜಗದೇವಪ್ಪ ಆ ಜಾಗವನ್ನು ನೋಡಿದ, ದತ್ತಪ್ಪನನ್ನು ನೋಡಿದ, ಕಂಬಿ ಹಿಡಿದುಕೊಂಡು ಹಿಂದಿನ ಸೀಟಿಗೆ ಹೋದ. ಮೆಣಸಿನಕಾಯಿ ಚೀಲ ಹೊತ್ತ ಒಬ್ಬ ಮುದುಕಿ ಬಂದು, “ಯಾರರ ಬರವ್ರು ಅದಾರೇನೋ ತಮ್ಮಾ ಇಲ್ಲಿ?” ಎಂದು ಕೇಳಿದಳು.

“ಯಾರೂ ಇಲ್ಲಬೇ, ಕೂಡು,” ಅಂದ ದತ್ತಪ್ಪ.